ಚೀತಾ, ಚೇತಕ್ ಹೆಲಿಕಾಪ್ಟರುಗಳ ಮೇಲೆ ನಿವೃತ್ತ ಸೈನಿಕರಿಗೆ ಇಷ್ಟು ಪ್ರೀತಿ ಏಕೆ?

ಚೇತಕ್ ಮತ್ತು ಚೀತಾ ಹೆಲಿಕಾಪ್ಟರುಗಳು ಅಪಘಾತಕ್ಕೀಡಾದ ಸುದ್ದಿ ಬಂದಾಗಲೆಲ್ಲ ಅವನ್ನು ಕೂಡಲೇ ಸೇವೆಯಿಂದ ತೆಗೆಯಬೇಕೆಂಬ ಕೂಗು ಏಳುತ್ತದೆ. ಹಾಗಿದ್ದರೂ ಅವುಗಳಲ್ಲಿ ಹಾರಿದವರು, ಅವುಗಳ ಮೇಲೆ ದುಡಿದವರು ಅಷ್ಟೊಂದು ಅಕ್ಕರೆಯಿಂದ ಮಾತನಾಡುವುದೇಕೆ, ಹೊಸ ಹೆಲಿಕಾಪ್ಟರ್ ಬಂದರೆ ಅವರಿಗೆ ಬೇಸರವಾಗುತ್ತದೆಯೇ ಎಂದು ನೀವು ಕೇಳಿದ್ದೀರಿ. ನಾನು ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವನು. ಮೊದಲು ಚೇತಕ್ ಮೇಲೆ, ಆನಂತರ ಲಡಾಖಿನಲ್ಲಿ ಚೀತಾ ಮೇಲೆ ಕೆಲಸ ಮಾಡಿದ್ದೇನೆ. ನಾನು ಪೈಲಟ್ ಆಗಿರಲಿಲ್ಲವಾದ್ದರಿಂದ ಇದನ್ನು ನೆಲದ ಮೇಲೆ ನಿಂತು ಕೆಲಸ ಮಾಡಿದವನ ಉತ್ತರವೆಂದು ಓದಬೇಕಾಗಿ ವಿನಂತಿ.

ಈ ಎರಡೂ ಯಂತ್ರಗಳ ಮೂಲ ಫ್ರಾನ್ಸಿನದು. 1959ರಲ್ಲಿ ಮೊದಲು ಹಾರಿದ ಅಲೂಯೆಟ್-3 ಹೆಲಿಕಾಪ್ಟರನ್ನು ಇಲ್ಲಿಯೇ ತಯಾರಿಸಲು ಎಚ್‌ಎಎಲ್ 1962ರಲ್ಲಿ ಒಪ್ಪಂದ ಮಾಡಿಕೊಂಡಿತು. ಅದೇ ಯಂತ್ರ ಬೆಂಗಳೂರಿನಲ್ಲಿ ಚೇತಕ್ ಆಯಿತು. ಚೀತಾದ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ಹಿಮಾಲಯದ ಎತ್ತರದಲ್ಲಿ ಕೆಲಸ ಮಾಡಬಲ್ಲ ಹಗುರ ಹೆಲಿಕಾಪ್ಟರ್ ಬೇಕೆಂದು ಭಾರತೀಯ ಸೇನೆ 1968ರಲ್ಲಿ ಕೇಳಿದ ಕಾರಣಕ್ಕಾಗಿಯೇ ಫ್ರೆಂಚ್ ಎಂಜಿನಿಯರುಗಳು ಹಳೆಯ ಅಲೂಯೆಟ್-2ರ ಹಗುರ ಮೈಕಟ್ಟಿಗೆ ಅಲೂಯೆಟ್-3ರ ಬಲವಾದ ಎಂಜಿನ್ನನ್ನೂ ರೋಟರನ್ನೂ (ಮೇಲೆ ತಿರುಗುವ ಬ್ಲೇಡುಗಳ ಚಕ್ರ) ಜೋಡಿಸಿ ಲಾಮಾ ಎಂಬ ಹೆಸರಿನ ಯಂತ್ರವನ್ನು ರೂಪಿಸಿದರು. ಅದು 1969ರ ಮಾರ್ಚ್‌ನಲ್ಲಿ ಮೊದಲು ಹಾರಿತು, ಅದೇ ವರ್ಷ ಹಿಮಾಲಯದಲ್ಲಿ ಸುಮಾರು 7,500 ಮೀಟರ್ ಎತ್ತರದಲ್ಲಿ ಇಳಿದು ಮತ್ತೆ ಏರಿ ತೋರಿಸಿತು. ಎಚ್‌ಎಎಲ್ ಜೋಡಿಸಿದ ಮೊದಲ ಚೀತಾ 1972ರ ಅಕ್ಟೋಬರ್‌ನಲ್ಲಿ ಹಾರಿತು. ವಿದೇಶಿ ವಿನ್ಯಾಸವಾದರೂ ನಮ್ಮ ಬೆಟ್ಟಗಳ ಅಳತೆ ಹಿಡಿದು ಹೊಲಿದ ಅಂಗಿಯಂತೆ ಅದು ನಮಗೆ ಒಪ್ಪಿತು. ಅಭಿಮಾನದ ಒಂದು ಬೇರು ಅಲ್ಲಿದೆ ಎಂದು ನನಗನ್ನಿಸುತ್ತದೆ.

ಅಷ್ಟು ಸಣ್ಣ ಯಂತ್ರ ಅಷ್ಟು ಎತ್ತರಕ್ಕೆ ಹೇಗೆ ಏರುತ್ತದೆ ಎಂಬುದನ್ನು ಸ್ವಲ್ಪ ವಿವರಿಸಿದರೆ ಮುಂದಿನದು ಸುಲಭವಾಗುತ್ತದೆ. ಇದರಲ್ಲಿರುವುದು ಆರ್ಟೂಸ್ಟ್-3ಬಿ ಎಂಬ ಎಂಜಿನ್. ಅದಕ್ಕೆ ಸುಮಾರು 870 ಅಶ್ವಶಕ್ತಿ ಕೊಡುವ ಸಾಮರ್ಥ್ಯವಿದ್ದರೂ ಗೇರ್‌ಬಾಕ್ಸಿನ ಮಿತಿಯಿಂದಾಗಿ ನೆಲಮಟ್ಟದಲ್ಲಿ ಅದರ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಬಳಸಿಕೊಳ್ಳುವುದಿಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಎಲ್ಲ ಎಂಜಿನ್ನುಗಳೂ ಸೊರಗುತ್ತವೆ. ಆದರೆ ಇದರ ಬಳಿ ಕೆಳಗೆ ಬಳಸದೆ ಉಳಿಸಿಕೊಂಡ ಶಕ್ತಿ ಇರುವುದರಿಂದ ಬೇರೆ ಹೆಲಿಕಾಪ್ಟರುಗಳು ಕೈಚೆಲ್ಲುವ ಎತ್ತರದಲ್ಲಿಯೂ ಇದು ತನ್ನ ಬಲವನ್ನು ಬಹುಮಟ್ಟಿಗೆ ಕಾಯ್ದುಕೊಳ್ಳುತ್ತದೆ. ಖಾಲಿ ಯಂತ್ರದ ತೂಕ ಸುಮಾರು ಒಂದು ಟನ್ ಮಾತ್ರ. ಬಾಲದ ಭಾಗಕ್ಕೆ ತಗಡಿನ ಹೊದಿಕೆಯೇ ಇಲ್ಲ. ಬರಿಯ ಕೊಳವೆಗಳ ಹಂದರ. 1972ರ ಜೂನ್ 21ರಂದು ಫ್ರಾನ್ಸಿನ ಜಾನ್ ಬೂಲೆ ಎಂಬ ಪೈಲಟ್ ಒಂದು ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಕೊಂಡೊಯ್ದು ವಿಶ್ವದಾಖಲೆ ಮಾಡಿದರು. ಆ ಎತ್ತರದಲ್ಲಿ ಎಂಜಿನ್ ಆರಿಹೋಯಿತು. ಅವರು ರೋಟರ್ ಗಾಳಿಗೆ ತಾನೇ ತಿರುಗುವಂತೆ ನೋಡಿಕೊಂಡು ಅಲ್ಲಿಂದ ನೆಲದವರೆಗೂ ಇಳಿದು ಬಂದರು. ನಮ್ಮ ಕಾಲದ ಫಿಟ್ಟರುಗಳಿಗೆ ಈ ಕಥೆ ಬಾಯಿಪಾಠವಾಗಿತ್ತು. ನಾವು ಕೈಯಿಟ್ಟು ಕೆಲಸ ಮಾಡುತ್ತಿದ್ದುದು ಅದೇ ಕುಲದ ಯಂತ್ರದ ಮೇಲೆ ಎಂಬ ಹೆಮ್ಮೆ ಎಲ್ಲರಿಗೂ ಇತ್ತು.

ಇನ್ನು ತಂತ್ರಜ್ಞರ ಪ್ರೀತಿಯ ವಿಷಯ. ಈ ಯಂತ್ರದಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ. ಎಂಜಿನ್ ಕ್ಯಾಬಿನ್ನಿನ ಹಿಂದೆ ಬಯಲಲ್ಲಿಯೇ ಕುಳಿತಿದೆ. ಎಣ್ಣೆ ಜಿನುಗಿದರೆ ಕಣ್ಣಿಗೆ ಕಾಣುತ್ತದೆ, ಕೊಳವೆ ಸಡಿಲವಾಗಿದ್ದರೆ ಬೆರಳಿಗೆ ಸಿಗುತ್ತದೆ. ಎಂಜಿನ್ ನಿಮಿಷಕ್ಕೆ 33,500 ಸುತ್ತಿನಲ್ಲಿ ತಿರುಗುತ್ತದೆ. ಪೈಲಟ್ ಭಾರ ಹೆಚ್ಚಿಸಿದರೂ ತಗ್ಗಿಸಿದರೂ ಆ ವೇಗ ಬದಲಾಗದಂತೆ ಗವರ್ನರ್ ಎಂಬ ನಿಯಂತ್ರಕ ಇಂಧನವನ್ನು ಹೆಚ್ಚುಕಡಿಮೆ ಮಾಡುತ್ತದೆ. ಆದ್ದರಿಂದ ಅದರ ಕೂಗಿನ ಶ್ರುತಿ ಒಂದೇ ಸಮನೆ ಇರುತ್ತದೆ, ಅದರಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಪಳಗಿದ ಕಿವಿಗೆ ತಿಳಿಯುತ್ತದೆ. ಸ್ಟಾರ್ಟ್ ಮಾಡುವಾಗ ಮೊದಲು ಎಂಜಿನ್ ಒಂದೇ ಓಡುತ್ತದೆ, ಆಮೇಲೆ ಕ್ಲಚ್ ಹಿಡಿದು ಮೂರು ಬ್ಲೇಡುಗಳು ನಿಧಾನವಾಗಿ ಚಲಿಸತೊಡಗುತ್ತವೆ. ಆ ಕೆಲವು ಕ್ಷಣಗಳಲ್ಲಿ ಕೇಳಿಸುವ ಶಬ್ದದಿಂದಲೇ ಇವತ್ತು ಯಂತ್ರದ ಆರೋಗ್ಯ ಹೇಗಿದೆ ಎಂದು ಹೇಳಬಲ್ಲ ಹಿರಿಯರು ನಮ್ಮ ಘಟಕದಲ್ಲಿದ್ದರು. ಬ್ಲೇಡುಗಳೆಲ್ಲ ಒಂದೇ ಸಮತಲದಲ್ಲಿ ತಿರುಗುತ್ತಿವೆಯೇ ಎಂದು ಪರೀಕ್ಷಿಸಲು ತುದಿಗಳಿಗೆ ಬೇರೆ ಬೇರೆ ಬಣ್ಣ ಬಳಿದು, ಉದ್ದ ಕೋಲಿಗೆ ಕಟ್ಟಿದ ಬಟ್ಟೆಯ ಪಟ್ಟಿಯನ್ನು ತಿರುಗುವ ರೋಟರಿನ ಅಂಚಿಗೆ ಮೆಲ್ಲನೆ ಒಯ್ದು, ಅದರ ಮೇಲೆ ಬಿದ್ದ ಗುರುತುಗಳನ್ನು ಓದುತ್ತಿದ್ದೆವು. ಕೈ ಸ್ವಲ್ಪವೂ ಅಲುಗಬಾರದು. ಇಂದಿನ ಹೆಲಿಕಾಪ್ಟರುಗಳಲ್ಲಿ ಈ ಕೆಲಸಕ್ಕೆ ಕ್ಯಾಮೆರಾ ಮತ್ತು ಕಂಪ್ಯೂಟರ್ ಇವೆ, ಅವು ನಿಸ್ಸಂದೇಹವಾಗಿ ಹೆಚ್ಚು ನಿಖರ. ಆದರೆ ಒಂದು ಯಂತ್ರವನ್ನು ಕಣ್ಣು, ಕಿವಿ, ಬೆರಳುಗಳಿಂದಲೇ ಅರಿತುಕೊಂಡವರಿಗೆ ಅದರ ಮೇಲೆ ಹುಟ್ಟುವ ಸಲುಗೆಯನ್ನು ಪರದೆಯ ಮೇಲಿನ ಅಂಕಿಗಳು ಹುಟ್ಟಿಸಲಾರವು. ನಾವು ಸಹಿ ಹಾಕಿ ಬಿಟ್ಟುಕೊಟ್ಟ ಯಂತ್ರದಲ್ಲಿ ಇಬ್ಬರು ಪೈಲಟ್‌ಗಳು ಹಿಮದ ಕಣಿವೆಗಳ ನಡುವೆ ಹೋಗುತ್ತಿದ್ದರು. ಅವರು ಮರಳಿ ಬರುವವರೆಗೆ ಆ ಸಹಿ ನಮ್ಮ ಎದೆಯ ಮೇಲೆಯೇ ಇರುತ್ತಿತ್ತು.

ಸಿಯಾಚಿನ್ ಇಲ್ಲದೆ ಚೀತಾದ ಮಾತು ಪೂರ್ತಿಯಾಗುವುದಿಲ್ಲ. 1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಮನದಿಯನ್ನು ವಶಕ್ಕೆ ತೆಗೆದುಕೊಳ್ಳುವ ಆಪರೇಷನ್ ಮೇಘದೂತ್ ಆರಂಭವಾದಾಗ ಕ್ಯಾಪ್ಟನ್ ಸಂಜಯ್ ಕುಲಕರ್ಣಿ ಅವರ ನೇತೃತ್ವದ ಕುಮಾಂವ್ ರೆಜಿಮೆಂಟಿನ ಸೈನಿಕರನ್ನು ಬಿಲಾಫೊಂಡ್ ಲಾ ಎಂಬ ಕಣಿವೆದಾರಿಯ ಬಳಿ ತಲುಪಿಸಿದ್ದು ಚೀತಾಗಳೇ. ಹಿಮದ ಮೇಲೆ ಇಳಿಯಲಾಗದೆ ಅವು ಗಾಳಿಯಲ್ಲಿ ನಿಂತಿದ್ದವು, ಸೈನಿಕರು ಅಲ್ಲಿಂದ ಜಿಗಿದರು. ಅಂದಿನಿಂದ ಇಂದಿನವರೆಗೆ ಅಲ್ಲಿನ ಎತ್ತರದ ಠಾಣೆಗಳಿಗೆ ಸೀಮೆಎಣ್ಣೆ, ಆಹಾರ, ಔಷಧ, ಪತ್ರ ಎಲ್ಲವನ್ನೂ ಹೊತ್ತದ್ದು ಮುಖ್ಯವಾಗಿ ಈ ಸಣ್ಣ ಯಂತ್ರಗಳು. ಅತಿ ಎತ್ತರದ ಹೆಲಿಪ್ಯಾಡುಗಳಿಗೆ ಹೋಗುವಾಗ ಒಂದು ಹಾರಾಟದಲ್ಲಿ ಒಂದೋ ಎರಡೋ ಜೆರಿಕ್ಯಾನ್ ಸೀಮೆಎಣ್ಣೆ ಮಾತ್ರ ಸಾಗಿಸಲು ಸಾಧ್ಯವಾಗುವ ದಿನಗಳಿರುತ್ತವೆ. ಅಷ್ಟಕ್ಕಾಗಿ ಎರಡು ಹೆಲಿಕಾಪ್ಟರುಗಳು ಜೊತೆಯಾಗಿ ಹೊರಡುತ್ತವೆ, ಒಂದಕ್ಕೆ ತೊಂದರೆಯಾದರೆ ಇನ್ನೊಂದು ನೋಡಿಕೊಳ್ಳಲೆಂದು. ಮೇಲೆ ತಲುಪಿದಾಗ ಎಂಜಿನ್ ಆರಿಸುವಂತಿಲ್ಲ. ಆರಿಸಿದರೆ ಆ ಚಳಿಯಲ್ಲಿ, ಆ ತೆಳುಗಾಳಿಯಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆಂಬ ಭರವಸೆ ಇಲ್ಲ. ರೋಟರ್ ತಿರುಗುತ್ತಿರುವಾಗಲೇ ಸರಕು ಇಳಿಸಿ, ರೋಗಿ ಇದ್ದರೆ ಹತ್ತಿಸಿ, ಅರೆ ನಿಮಿಷದಲ್ಲಿ ಹೊರಡಬೇಕು.

ರೋಗಿ ಎಂದೆ. ಈ ಪ್ರೀತಿಯ ನಿಜವಾದ ಮೂಲ ಅಲ್ಲಿಯೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎತ್ತರದಲ್ಲಿ ಶ್ವಾಸಕೋಶದೊಳಗೆ ನೀರು ತುಂಬಿಕೊಳ್ಳುವ ಕಾಯಿಲೆ ಗಟ್ಟಿಮುಟ್ಟಾದ ಯುವಕನನ್ನೂ ಕೆಲವೇ ಗಂಟೆಗಳಲ್ಲಿ ಸಾವಿನ ಅಂಚಿಗೆ ತರಬಲ್ಲದು. ಅದಕ್ಕೆ ಇರುವ ಖಚಿತ ಚಿಕಿತ್ಸೆ ಬೇಗ ಕೆಳಕ್ಕೆ ಇಳಿಸುವುದು. ಹಿಮದ ಬಿರುಕುಗಳ ನಡುವೆ ಹಗ್ಗ ಕಟ್ಟಿಕೊಂಡು ನಡೆದರೆ ದಿನಗಳೇ ಹಿಡಿಯುವ ದಾರಿಯನ್ನು ಚೀತಾ ನಿಮಿಷಗಳಲ್ಲಿ ಮುಗಿಸುತ್ತದೆ. ಧಾರವಾಡದ ಕಡೆಯ ಒಬ್ಬ ನಿವೃತ್ತ ಹವಿಲ್ದಾರರು ನನಗೆ ಪರಿಚಿತರು. ಅವರಿಗೆ ಹೆಲಿಕಾಪ್ಟರಿನ ಎಂಜಿನ್ ಯಾವುದು, ಎಷ್ಟು ಬ್ಲೇಡು ಎಂಬ ವಿಷಯದಲ್ಲಿ ಆಸಕ್ತಿಯೇ ಇಲ್ಲ. ಮೂರು ದಿನ ಹಿಮಗಾಳಿ ಬೀಸಿ ನಿಂತ ಬೆಳಿಗ್ಗೆ ಕಣಿವೆಯ ತಳದಿಂದ ಆ ಒಂದೇ ಸಮನಾದ ಕೂಗು ಕೇಳಿಬಂದಾಗ ತನ್ನ ಪಕ್ಕದಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದ ಗೆಳೆಯನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದೆ ಎಂಬುದನ್ನು ಮಾತ್ರ ಅವರು ಹೇಳುತ್ತಾರೆ. ಆ ಗೆಳೆಯ ಬದುಕಿದರು. ಅಂಥವರಿಗೆ ಆ ಹೆಲಿಕಾಪ್ಟರ್ ಹಳೆಯದು ಎಂದು ತಿಳಿಹೇಳುವುದರಿಂದ ಏನೂ ಬದಲಾಗುವುದಿಲ್ಲ, ಏಕೆಂದರೆ ಅವರು ಋಣದ ಲೆಕ್ಕದಲ್ಲಿ ಮಾತನಾಡುತ್ತಿದ್ದಾರೆ. 2016ರ ಫೆಬ್ರುವರಿಯಲ್ಲಿ ಸೋನಂ ಠಾಣೆಯ ಮೇಲೆ ಹಿಮಪಾತವಾಗಿ, ಆರು ದಿನ ಹಿಮದಡಿ ಸಿಲುಕಿದ್ದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಜೀವಂತವಾಗಿ ಸಿಕ್ಕಾಗ ಇಡೀ ಕರ್ನಾಟಕ ಪ್ರಾರ್ಥಿಸಿದ್ದು ನಿಮಗೆ ನೆನಪಿರಬಹುದು. ಅವರನ್ನೂ ಆ ಎತ್ತರದಿಂದ ಕೆಳಗೆ ತಂದದ್ದು ಹೆಲಿಕಾಪ್ಟರೇ. ಫೆಬ್ರುವರಿ 11ರಂದು ದೆಹಲಿಯಲ್ಲಿ ಅವರು ತೀರಿಕೊಂಡರು. ಅಂತಹ ಠಾಣೆಗೆ ಹಾರುವುದೆಂದರೆ ಏನೆಂದು ಬಲ್ಲವರಿಗೆ ಆ ದಿನಗಳು ಮರೆಯಲಾಗದವು.

ಚೇತಕ್‌ನ ಪಾಲಿನ ಸೇವೆ ಇನ್ನೂ ಹರವಾದದ್ದು. 1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಹೋರಾಟಗಾರರಿಗಾಗಿ ದಿಮಾಪುರದಲ್ಲಿ ಕಟ್ಟಿದ ಕಿಲೋ ಫ್ಲೈಟ್ ಎಂಬ ಪುಟ್ಟ ವಾಯುಘಟಕದಲ್ಲಿ ರಾಕೆಟ್ ಹೊತ್ತು ಇಂಧನ ಸಂಗ್ರಹಾಗಾರದ ಮೇಲೆ ದಾಳಿ ಮಾಡಿದ್ದು ಇದೇ ಅಲೂಯೆಟ್. ನೌಕಾಪಡೆಯ ಹಡಗುಗಳ ಮೇಲೂ ಅದು ದಶಕಗಳಿಂದ ದುಡಿದಿದೆ. ಹೆಲಿಕಾಪ್ಟರ್ ಪೈಲಟ್‌ಗಳಾಗುವವರು ಹೈದರಾಬಾದ್ ಬಳಿಯ ಹಕೀಂಪೇಟೆಯಲ್ಲಿ ಮೊದಲು ಕಲಿಯುವುದು ಚೇತಕ್ ಮೇಲೆಯೇ. 2022ರ ಏಪ್ರಿಲ್‌ನಲ್ಲಿ ಅದರ 60 ವರ್ಷದ ಸೇವೆಯನ್ನು ವಾಯುಪಡೆ ಅಲ್ಲಿಯೇ ಆಚರಿಸಿತು. ಒಂದು ಯಂತ್ರದ ವಜ್ರಮಹೋತ್ಸವಕ್ಕೆ ರಕ್ಷಣಾ ಸಚಿವರೇ ಬಂದದ್ದು ನನಗೆ ಸಂತೋಷ ತಂದಿತ್ತು.

ಈಗ ಕಷ್ಟದ ಮಾತು. ಈ ಹೆಲಿಕಾಪ್ಟರುಗಳಲ್ಲಿ ಆಟೋಪೈಲಟ್ ಇಲ್ಲ. ಮೋಡದೊಳಗೆ ಸಿಕ್ಕಿಕೊಂಡ ಪೈಲಟ್‌ಗೆ ಮುಂದೆ ಗುಡ್ಡವಿದೆ ಎಂದು ಎಚ್ಚರಿಸುವ ಆಧುನಿಕ ಉಪಕರಣಗಳೂ ಮೂಲ ವಿನ್ಯಾಸದಲ್ಲಿ ಇಲ್ಲ. ಹಿಮದಲ್ಲಿ ನೆಲ, ಆಕಾಶ ಎರಡೂ ಒಂದೇ ಬಿಳುಪಾದಾಗ ಪೈಲಟ್‌ನ ಕಣ್ಣು ಮತ್ತು ಅನುಭವ ಬಿಟ್ಟರೆ ಬೇರೆ ಆಸರೆ ಕಡಿಮೆ. 2023ರ ಮಾರ್ಚ್ 16ರಂದು ಅರುಣಾಚಲದ ಬೊಮ್ಡಿಲಾ ಬಳಿ ಚೀತಾ ಬಿದ್ದು ಭೂಸೇನೆಯ ಇಬ್ಬರೂ ಪೈಲಟ್‌ಗಳು ತೀರಿಕೊಂಡರು. ಅಂತಹ ಸುದ್ದಿ ಇದೇ ಮೊದಲಲ್ಲ. ಸೇನಾಧಿಕಾರಿಗಳ ಪತ್ನಿಯರೇ ಒಟ್ಟಾಗಿ ಈ ಹೆಲಿಕಾಪ್ಟರುಗಳನ್ನು ಬದಲಾಯಿಸಿ ಎಂದು ಸರ್ಕಾರಕ್ಕೆ ಮನವಿ ಕೊಟ್ಟದ್ದೂ ಉಂಟು. ಅವರ ಬೇಡಿಕೆ ನೂರಕ್ಕೆ ನೂರು ನ್ಯಾಯವಾದದ್ದು. ನಿವೃತ್ತರಾದ ನಮ್ಮ ಅಕ್ಕರೆಯನ್ನು ಯಾರಾದರೂ ವಿಳಂಬಕ್ಕೆ ಸಮರ್ಥನೆಯಾಗಿ ಬಳಸಿದರೆ ಅದನ್ನು ನಾನು ಖಂಡಿಸುತ್ತೇನೆ. ನಮಗೆ ಆ ಯಂತ್ರ ಪ್ರಿಯವಾದದ್ದು ಅದು ಜೀವ ಉಳಿಸಿದ್ದಕ್ಕಾಗಿ. ಅದರೊಳಗೆ ಕುಳಿತವರ ಜೀವವೂ ಅಷ್ಟೇ ಅಮೂಲ್ಯ. ಎಪ್ಪತ್ತರ ದಶಕದ ಮಟ್ಟದ ಉಪಕರಣಗಳನ್ನು ಕೊಟ್ಟು, ಇಂದಿನ ಅಪಾಯಗಳನ್ನು ಕೌಶಲದಿಂದಲೇ ನಿಭಾಯಿಸಿ ಎಂದು ಇಪ್ಪತ್ತೈದು ವರ್ಷದ ಪೈಲಟ್‌ಗೆ ಹೇಳುವುದು ಸರಿಯಲ್ಲ.

ಒಂದು ತಾಂತ್ರಿಕ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದೇ ಎಂಜಿನ್ ಇರುವುದೇ ದೋಷ ಎಂದು ಹಲವರು ಬರೆಯುತ್ತಾರೆ. ಇದರ ಜಾಗಕ್ಕೆ ಎಚ್‌ಎಎಲ್ ರೂಪಿಸಿರುವ ಲಘು ಉಪಯುಕ್ತತಾ ಹೆಲಿಕಾಪ್ಟರಿಗೂ ಎಂಜಿನ್ ಒಂದೇ. ಎತ್ತರದಲ್ಲಿ ತೂಕವೇ ದೊಡ್ಡ ಶತ್ರುವಾದ್ದರಿಂದ ಆ ಆಯ್ಕೆಗೆ ಕಾರಣವಿದೆ. ವ್ಯತ್ಯಾಸವಿರುವುದು ಎಂಜಿನ್ನಿನ ಡಿಜಿಟಲ್ ನಿಯಂತ್ರಣದಲ್ಲಿ, ಪೈಲಟ್‌ನ ಮುಂದಿನ ಉಪಕರಣಗಳಲ್ಲಿ, ಬಿಡಿಭಾಗಗಳ ಲಭ್ಯತೆಯಲ್ಲಿ. ಚೀತಾದ ಮೈಗೇ ಹೊಸ ಎಂಜಿನ್ ಕೂಡಿಸಿ ಚೀತಲ್ ಎಂದು ಮಾಡಿದ್ದು ನಡುಗಾಲದ ಪರಿಹಾರವಾಗಿ ಒಳ್ಳೆಯದೇ ಆಯಿತು, ಆದರೆ ಹಳೆಯ ಮೈ ಹಳೆಯದೇ ತಾನೆ.

ಹೊಸದು ಬಂದರೆ ಬೇಸರವೇ ಎಂಬ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ಹೊಸ ಹೆಲಿಕಾಪ್ಟರ್ 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದಾಗ ನನ್ನ ಜೊತೆಯ ಹಳೆಯ ಫಿಟ್ಟರುಗಳಲ್ಲಿ ಬೇಸರಪಟ್ಟವರು ಒಬ್ಬರೂ ಇರಲಿಲ್ಲ. 2020ರಲ್ಲಿ ಅದು ಸಿಯಾಚಿನ್‌ನ ಅಮರ್, ಸೋನಂ ಹೆಲಿಪ್ಯಾಡುಗಳಲ್ಲಿ ಇಳಿಯಿತೆಂದು ಓದಿದಾಗ ನಾವು ಒಬ್ಬರಿಗೊಬ್ಬರು ಫೋನ್ ಮಾಡಿ ಹೇಳಿಕೊಂಡೆವು. ಅದನ್ನು ತಯಾರಿಸಲೆಂದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಕಟ್ಟಿದ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗಿದೆ. ಅಲ್ಲಿಂದ ಹೊಸ ಹೆಲಿಕಾಪ್ಟರುಗಳು ಹೆಚ್ಚು ಹೆಚ್ಚು ಹೊರಬಂದು ಘಟಕಗಳನ್ನು ಸೇರಲಿ ಎಂದು ನಾವು ಮನಸಾರೆ ಬಯಸುತ್ತೇವೆ. ನಮ್ಮ ಕೋರಿಕೆ ಒಂದೇ: ಚೀತಾ, ಚೇತಕ್‌ಗಳೆಲ್ಲ ಸೇವೆಯಿಂದ ಇಳಿಯುವ ಮೊದಲು ಕೆಲವನ್ನಾದರೂ ಎಂಜಿನ್ ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳಬೇಕು, ಮೈನಸ್ ಮೂವತ್ತು ಡಿಗ್ರಿಯಲ್ಲಿ ಅವನ್ನು ಹೇಗೆ ಕಾಪಾಡಿಕೊಂಡೆವು ಎಂಬ ಕೈಗೆಲಸದ ತಿಳಿವನ್ನು ಬರೆದಿಡಬೇಕು. ಹೊಸ ಯಂತ್ರಕ್ಕೂ ಅದೇ ಚಳಿ, ಅದೇ ಗಾಳಿ, ಅದೇ ಹೆಲಿಪ್ಯಾಡು ಕಾದಿದೆ. ಆ ಕೆಲಸಕ್ಕೆ ನೆರವಾಗಬಲ್ಲ ಹಿರಿಯ ತಂತ್ರಜ್ಞರು ಬೆಂಗಳೂರಿನ ಜಾಲಹಳ್ಳಿ, ಯಲಹಂಕದ ಸುತ್ತಮುತ್ತಲೇ ಬೇಕಾದಷ್ಟು ಮಂದಿ ಇದ್ದಾರೆ. ಕರೆದರೆ ಸಂತೋಷದಿಂದ ಬರುತ್ತಾರೆ.