ಸ್ವತಂತ್ರ ಸಂಗೀತಗಾರರೆಲ್ಲ ಸಂಗೀತವನ್ನೇ ಓದಿದವರೇ? ಬ್ಯಾಂಡ್ ನಡೆಸಲು ಉದ್ಯೋಗ ಬಿಡಲೇಬೇಕೇ?

ಸಂಗೀತದ ಪದವಿಯಿಲ್ಲದವರು, ಬೇರೆ ವೃತ್ತಿಯಲ್ಲಿರುವವರು ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ಹಾಡುಗಳನ್ನು ಹೊರತರಬಹುದೇ, ಅಥವಾ ಒಂದು ಹಂತದಲ್ಲಿ ಉದ್ಯೋಗ ಬಿಡಲೇಬೇಕಾಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಹಲವು ವರ್ಷಗಳಿಂದ ಸಣ್ಣ ಬ್ಯಾಂಡ್‌ಗಳ ಧ್ವನಿಮುದ್ರಣ ಮತ್ತು ಮಿಕ್ಸಿಂಗ್ (ಬೇರೆ ಬೇರೆಯಾಗಿ ಮುದ್ರಿಸಿದ ವಾದ್ಯ, ಕಂಠಗಳನ್ನು ಹದವಾಗಿ ಬೆರೆಸುವ ಕೆಲಸ) ಮಾಡುತ್ತಿದ್ದೇನೆ. ಸ್ಟುಡಿಯೊಗೆ ಬಂದವರಲ್ಲಿ ಸಂಗೀತ ಶಾಲೆಯಲ್ಲಿ ಓದಿದವರಿಗಿಂತ ಶಿಕ್ಷಕರು, ನರ್ಸ್‌ಗಳು, ಸಾಫ್ಟ್‌ವೇರ್ ನೌಕರರು, ಲೆಕ್ಕಪತ್ರ ನೋಡುವವರೇ ಹೆಚ್ಚು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಹೌದು, ಹೊರತರಬಹುದು ಎಂದರೆ ಸಾಕು. ಎರಡನೆಯದನ್ನು ಅಷ್ಟು ಸುಲಭವಾಗಿ ಮುಗಿಸಲಾಗದು.

ಹೆಸರಾಂತರನ್ನೇ ನೋಡಿ. ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ತಮ್ಮದೇ ಮೇಳ ಕಟ್ಟಿಕೊಂಡು ನುಡಿಸುತ್ತಿದ್ದ ಕಾಲದಲ್ಲಿ ಹೊಟ್ಟೆಪಾಡಿಗೆ ಕೊಳಾಯಿ ಕೆಲಸ ಮಾಡಿದರು, ಟ್ಯಾಕ್ಸಿ ಓಡಿಸಿದರು. 1976ರಲ್ಲಿ ಅವರ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಭವನದಲ್ಲಿ ತುಂಬಿದ ಸಭೆಯ ಮುಂದೆ ನಡೆಯಿತಾದರೂ ಆ ಪ್ರಯೋಗ ಸಾಲದಲ್ಲೇ ಮುಗಿದದ್ದರಿಂದ ಅವರು ಮತ್ತೆ ಟ್ಯಾಕ್ಸಿಗೆ ಮರಳಬೇಕಾಯಿತು. ಬ್ಯಾಡ್ ರಿಲಿಜನ್ ಎಂಬ ಪಂಕ್ ಬ್ಯಾಂಡಿನ ಗಾಯಕ ಗ್ರೆಗ್ ಗ್ರಾಫಿನ್ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದು ಕಾಲೇಜುಗಳಲ್ಲಿ ಪಾಠವನ್ನೂ ಹೇಳಿದವರು. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಡಿಸೆಂಡೆಂಟ್ಸ್ ಎಂಬ ಇನ್ನೊಂದು ಪಂಕ್ ಬ್ಯಾಂಡಿನ ಕಥೆ. ಅದರ ಗಾಯಕ ಮೈಲೊ ಆಕರ್ಮನ್ ಜೀವವಿಜ್ಞಾನದ ಓದಿಗೆಂದು ಹೊರಟಾಗ ಉಳಿದವರು ಆಲ್ ಎಂಬ ಬೇರೆ ಹೆಸರಿಟ್ಟುಕೊಂಡು, ಬೇರೆ ಗಾಯಕರನ್ನು ಸೇರಿಸಿಕೊಂಡು ನುಡಿಸುತ್ತ ಹೋದರು. ಆಕರ್ಮನ್‌ಗೆ ಬಿಡುವಾದಾಗ ಹಳೆಯ ಹೆಸರಿನಲ್ಲಿ ಆಲ್ಬಮ್ ಬಂತು. ಸಸ್ಯ ಸಂಶೋಧನೆಯಲ್ಲಿ ದೀರ್ಘಕಾಲ ದುಡಿದ ಅವರು ಪೂರ್ಣಾವಧಿ ಸಂಗೀತಕ್ಕೆ ಬಂದದ್ದು ಐವತ್ತು ದಾಟಿದ ಮೇಲೆ, 2016ರ ಸುಮಾರಿಗೆ.

ಇವರೆಲ್ಲರ ವಿಷಯದಲ್ಲಿ ನಾನು ಗಮನಿಸುವುದು ಪದವಿಯನ್ನಲ್ಲ, ಅವರ ಸಮಯ ಯಾರ ಕೈಯಲ್ಲಿತ್ತು ಎಂಬುದನ್ನು. ಟ್ಯಾಕ್ಸಿ ಚಾಲಕ ಪ್ರವಾಸದ ವಾರಗಳಲ್ಲಿ ಗಾಡಿ ತೆಗೆಯದೆ ಇರಬಹುದು. ಅಧ್ಯಾಪಕನಿಗೆ ದೀರ್ಘ ರಜೆಯಿದೆ. ಪಾಳಿಯಲ್ಲಿ ದುಡಿಯುವವರಿಗೆ ಇವೆರಡೂ ಇಲ್ಲ. ಒಬ್ಬರೇ ಹಾಡು ಕಟ್ಟುವವರಾದರೆ ರಾತ್ರಿ ಹೇಗೋ ಹೊಂದಿಸಿಕೊಂಡಾರು, ಆದರೆ ಬ್ಯಾಂಡ್ ಎಂದರೆ ನಾಲ್ಕೈದು ಮಂದಿಯ ಬಿಡುವು ಒಂದೇ ದಿನ ಕೂಡಿಬರಬೇಕು.

ಇದರ ಪರಿಣಾಮ ಸಂಗೀತದಲ್ಲೇ ಕೇಳಿಸುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಮುದ್ರಿಸಿದ ಒಂದು ಬ್ಯಾಂಡಿನ ಡ್ರಮ್ಮರ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಬೆಳಿಗ್ಗೆ ಪಾಳಿ ಮುಗಿಸಿ ನೇರವಾಗಿ ಸ್ಟುಡಿಯೊಗೆ ಬಂದು, ಕಿವಿಗೆ ಹಾಕಿದ ಕ್ಲಿಕ್ ಟ್ರ್ಯಾಕಿಗೆ (ಒಂದೇ ಸಮನೆ ತಾಳ ತೋರಿಸುವ ಟಿಕ್ ಟಿಕ್ ಸದ್ದಿಗೆ) ಸರಿಯಾಗಿ ಎಲ್ಲ ಹಾಡುಗಳ ಡ್ರಮ್ಸ್ ಅನ್ನು ಒಬ್ಬರೇ ನುಡಿಸಿ ಮನೆಗೆ ಮಲಗಲು ಹೋದರು. ಗಿಟಾರ್ ಮತ್ತು ಬಾಸ್‌ನವರು ಸಂಜೆ ಕಚೇರಿ ಮುಗಿಸಿ ಬಂದು ಅದರ ಮೇಲೆ ತಮ್ಮ ಭಾಗ ಕೂಡಿಸಿದರು. ಕೆಲಸ ಅಚ್ಚುಕಟ್ಟಾಗಿತ್ತು, ತಾಳ ಎಲ್ಲೂ ಕದಲಲಿಲ್ಲ. ಆದರೆ ಒಟ್ಟಿಗೆ ನುಡಿಸುವವರು ಪಲ್ಲವಿಗೆ ಬಂದಾಗ ತಮಗೆ ಅರಿವಿಲ್ಲದೆಯೇ ತುಸು ವೇಗವಾಗುವ ಆ ಉತ್ಸಾಹ ಅದರಲ್ಲಿ ಇರಲಿಲ್ಲ. ಕೇಳಿದವರು ಅದನ್ನು ಬ್ಯಾಂಡಿನ ಶೈಲಿ ಎಂದುಕೊಂಡರು!

ಇನ್ನು ಹಣದ ವಿಷಯ. ಅಂತರ್ಜಾಲದಲ್ಲಿ ಹಾಡು ಕೇಳಿಸುವ ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಲ್ಪಡದಿದ್ದರೆ ಅದರ ಧ್ವನಿಮುದ್ರಣಕ್ಕೆ ರಾಯಧನವೇ ಹುಟ್ಟುವುದಿಲ್ಲ. ಕಲಾವಿದರು ಕೇಳುಗರಿಗೆ ನೇರವಾಗಿ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ. 15ರಷ್ಟು ಇಟ್ಟುಕೊಂಡು ಉಳಿದದ್ದನ್ನು, ಪಾವತಿಯ ಶುಲ್ಕ ಕಳೆದು, ಕಲಾವಿದರಿಗೆ ಕೊಡುತ್ತದೆಯಾದರೂ ಕೊಳ್ಳುವವರು ಬೇಕಲ್ಲ. ಹೀಗಾಗಿ ಉದ್ಯೋಗ ಬಿಟ್ಟು ಬಂದವರಲ್ಲಿ ಬಹಳಷ್ಟು ಮಂದಿ ಕೊನೆಗೆ ಪಾಠ ಹೇಳುವುದು, ಬೇರೆಯವರ ಹಾಡಿಗೆ ನುಡಿಸುವುದು, ಜಾಹೀರಾತಿಗೆ ಟ್ಯೂನ್ ಮಾಡುವುದು ಮುಂತಾದವುಗಳಿಂದ ಜೀವನ ನಡೆಸುತ್ತಾರೆ. ಅವು ಗೌರವದ ಕೆಲಸಗಳೇ, ನನ್ನದೂ ಅಂಥದ್ದೇ. ಆದರೆ ದಿನವಿಡೀ ಇನ್ನೊಬ್ಬರ ಸಂಗೀತದಲ್ಲಿ ದಣಿದ ಕಿವಿಗೆ ರಾತ್ರಿ ಸ್ವಂತ ಹಾಡು ಕಟ್ಟುವ ಹುರುಪು ಉಳಿಯುವುದು ಕಷ್ಟ. ಈ ಒಂದು ವಿಷಯದಲ್ಲಿ ಲೆಕ್ಕಪತ್ರದ ಗುಮಾಸ್ತನೇ ನನಗಿಂತ ಸ್ವತಂತ್ರ. ಅಂದಹಾಗೆ, ಎಲ್ಲ ಬಿಟ್ಟು ಸಂಗೀತಕ್ಕಿಳಿದೆ ಎಂದು ಸಂದರ್ಶನದಲ್ಲಿ ಹೇಳಿಕೊಳ್ಳುವ ಕೆಲವರ ಮನೆ ಬಾಡಿಗೆಯನ್ನು ಯಾರು ಕಟ್ಟುತ್ತಾರೆಂಬ ಮಾತು ಆ ಸಂದರ್ಶನದಲ್ಲಿ ಬರುವುದಿಲ್ಲ.

ಉದ್ಯೋಗ ನಿಜವಾಗಿ ಅಡ್ಡ ಬರುವುದು ಪ್ರವಾಸಕ್ಕೆ. ಊರೂರು ಸುತ್ತಿ ನುಡಿಸದೆ ಕೇಳುಗರು ಬೆಳೆಯುವುದು ನಿಧಾನ. ಅದನ್ನು ಒಪ್ಪಿಕೊಂಡು ನಡೆದ ಬ್ಯಾಂಡ್‌ಗಳೂ ಇವೆ: ಸ್ಟೀವ್ ಆಲ್ಬಿನಿ ಧ್ವನಿಮುದ್ರಣವನ್ನು ವೃತ್ತಿಯಾಗಿಟ್ಟುಕೊಂಡು ನಡೆಸಿದ ಶೆಲ್ಯಾಕ್ ಬ್ಯಾಂಡ್, 1994ರಿಂದ 2024ರವರೆಗೆ ಹೊರತಂದದ್ದು ಆರು ಸ್ಟುಡಿಯೊ ಆಲ್ಬಮ್. ನಿಮ್ಮ ಬ್ಯಾಂಡಿನ ವಿಷಯದಲ್ಲಿ, ರಾಜೀನಾಮೆಯ ಮಾತಿಗೆ ಮೊದಲು ಎಲ್ಲ ಸದಸ್ಯರೂ ವರ್ಷದಲ್ಲಿ ತಾವು ಊರು ಬಿಟ್ಟು ಹೋಗಬಲ್ಲ ವಾರಗಳನ್ನು ಒಂದೇ ಹಾಳೆಯಲ್ಲಿ ಬರೆಯಲಿ. ಎಲ್ಲರಿಗೂ ಒಪ್ಪುವ ಎರಡು ವಾರಗಳೂ ಸಿಗದಿದ್ದರೆ, ನೀವೊಬ್ಬರು ಕೆಲಸ ಬಿಟ್ಟರೂ ಬ್ಯಾಂಡ್ ಪ್ರವಾಸ ಹೊರಡುವುದಿಲ್ಲ.