ಗ್ಲುಟಮೇಟ್ ರಿಸೆಪ್ಟರ್ ಕೆಟ್ಟರೆ ಕಿರುಮೆದುಳಿನ ನರಕೋಶ ಯಾಕೆ ಸಾಯುತ್ತದೆ?

ಮಂಡ್ಯದಿಂದ ಕೇಳಿದ್ದೀರಿ, ಹಾಗಾಗಿ ತೂಬಿನ ಲೆಕ್ಕದಲ್ಲೇ ಹೇಳ್ತೀನಿ. ನಾಲೆ ತೂಬು ಮುಚ್ಚದೇ ಹೋದರೆ ಭತ್ತದ ಗದ್ದೆಯೂ ಕೊಳೆಯುತ್ತದೆ, ಅಲ್ವಾ?

ಲರ್ಚರ್ ಎಂಬ ತಳಿಯ ಇಲಿಯಲ್ಲಿ ಆಗುವುದು ಹೆಚ್ಚುಕಡಿಮೆ ಅದೇ. ಕಿರುಮೆದುಳಿನ ಪರ್ಕಿಂಜೆ ಎಂಬ ದೊಡ್ಡ ನರಕೋಶಗಳ ಮೇಲೆ ಡೆಲ್ಟಾ-2 ಅನ್ನೋ ಗ್ಲುಟಮೇಟ್ ರಿಸೆಪ್ಟರ್ ಇದೆ. ಗ್ಲುಟಮೇಟ್ ಅಂದ್ರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ; ಅದನ್ನು ಹಿಡಿದು ಬಾಗಿಲು ತೆರೆಯುವ ಪ್ರೋಟೀನೇ ಅದರ ರಿಸೆಪ್ಟರ್. (ವಿಚಿತ್ರ ಅಂದ್ರೆ, ಡೆಲ್ಟಾ-2ಗೆ ಮಾತ್ರ ಗ್ಲುಟಮೇಟ್ ಅಂಟುವುದೇ ಇಲ್ಲ!) ಲರ್ಚರ್ ಇಲಿಯಲ್ಲಿ ಈ ಡೆಲ್ಟಾ-2ರ ಜೀನ್‌ನಲ್ಲಿ ಒಂದೇ ಅಕ್ಷರ ಬದಲಾಗಿ ಅದರ ಬಾಗಿಲು ಸದಾ ತೆರೆದೇ ಇರುತ್ತದೆ ಎಂದು 1997ರಲ್ಲಿ ಗೊತ್ತಾಯಿತು. ಸೋಡಿಯಂ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತಲೇ ಇರುತ್ತವೆ. ಕೋಶ ಸಾಯುತ್ತದೆ. ಅದನ್ನೇ ನೆಚ್ಚಿಕೊಂಡ ಗ್ರಾನ್ಯೂಲ್ ಎಂಬ ಪುಟ್ಟ ನರಕೋಶಗಳೂ ಹಿಂದೆಯೇ ಹೋಗುತ್ತವೆ. ಇಲಿ ನಡೆಯುವಾಗ ಪಕ್ಕಕ್ಕೆ ವಾಲಿ ಬೀಳುತ್ತದೆ.

ಇದೇ ಜೀನ್ ಕೆಟ್ಟರೆ ಮನುಷ್ಯರಿಗೂ ನಡಿಗೆಯ ಹಿಡಿತ ತಪ್ಪುತ್ತದೆ, ಆದರೆ ತುಂಬಾ ಅಪರೂಪ. ಮನೆಯಲ್ಲಿ ಯಾರಾದರೂ ತೂರಾಡಿದರೆ ಸುಮ್ನೆ ಇದೇ ಅಂದ್ಕೋಬೇಡಿ; ಬಿ12 ಕೊರತೆ, ಥೈರಾಯ್ಡ್, ಕುಡಿತ ಇವನ್ನೆಲ್ಲ ಮೊದಲು ಡಾಕ್ಟರು ನೋಡಲಿ.