ಹೆಸರು ಹೇಳುವಾಗಲೇ ಮಾತು ಸಿಕ್ಕಿಕೊಂಡರೆ?

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ, ಚಿಕ್ಕಂದಿನಿಂದ ಉಗ್ಗು ಇದೆ. ಮುಂದಿನ ತಿಂಗಳು ಇಲ್ಲಿನ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ ಹುದ್ದೆಯ ಸಂದರ್ಶನ. ಕನ್ನಡಿ ಮುಂದೆ ಬಾಯಿಪಾಠ ಒಪ್ಪಿಸಿದರೆ ಎಲ್ಲ ಸರಾಗ. ಎದುರಿಗೆ ಜನ ಕೂತರೆ ನನ್ನ ಹೆಸರೇ ಹೊರಡುವುದಿಲ್ಲ, ಮೊದಲಕ್ಷರ ‘ಗ’. ಏನು ಮಾಡಲಿ?
– ಓದುಗ, ಶಿರಸಿ

ಉತ್ತರ: ಕನ್ನಡಿ ಬಿಡಿ. ಉಗ್ಗುವವರಲ್ಲಿ ಹೆಚ್ಚಿನವರು ಒಬ್ಬರೇ ಇದ್ದಾಗ ಸರಾಗವಾಗಿಯೇ ಮಾತಾಡುತ್ತಾರೆ. ಆ ತಾಲೀಮು ಸಂದರ್ಶನದ ಕೋಣೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇಬ್ಬರು ಮೂವರನ್ನು ಎದುರು ಕೂರಿಸಿಕೊಳ್ಳಿ, ಒಬ್ಬರಾದರೂ ಅಷ್ಟಾಗಿ ಪರಿಚಯ ಇಲ್ಲದವರಿರಲಿ. ಬಾಯಿಪಾಠವೂ ಬೇಡ. ಕಷ್ಟದ ಶಬ್ದ ಎಲ್ಲಿ ಬರುತ್ತದೆಂದು ಮೊದಲೇ ಗೊತ್ತಿದ್ದರೆ ಭಯವೂ ಮೊದಲೇ ಶುರುವಾಗುತ್ತದೆ. ಪ್ರತಿ ಪ್ರಶ್ನೆಗೆ ಮೂರು ಅಂಶ ನೆನಪಿದ್ದರೆ ಸಾಕು.

ಬೇರೆ ಶಬ್ದವಾದರೆ ತಪ್ಪಿಸಿ ಇನ್ನೊಂದು ಹಾಕಬಹುದು, ಹೆಸರಿಗೆ ಆ ದಾರಿ ಇಲ್ಲ. ಅದಕ್ಕೇ ಅಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚು. ‘ಗ’ ಹೇಳುವಾಗ ನಾಲಿಗೆಯ ಹಿಂಭಾಗ ಅಂಗುಳಕ್ಕೆ ತಾಗುತ್ತದೆ. ಮಾತು ನಿಂತಾಗ ನೀವು ಅದನ್ನು ಇನ್ನಷ್ಟು ಒತ್ತುತ್ತೀರಿ, ಗಂಟಲೂ ಬಿಗಿಯುತ್ತದೆ. ತಳ್ಳಬೇಡಿ. ನಿಲ್ಲಿಸಿ, ಹಿಡಿದ ಉಸಿರು ಬಿಡಿ, ನಾಲಿಗೆ ಸಡಿಲಾಗಲಿ. ಆಮೇಲೆ ತಾಗಿತೋ ಇಲ್ಲವೋ ಎನ್ನುವಷ್ಟು ಮೆತ್ತಗೆ ‘ಗ’ ಹಿಡಿದು, ಅದರ ಸ್ವರವನ್ನು ತುಸು ಎಳೆಯಿರಿ. ಚಿಟಿಕೆ ಹೊಡೆಯುವುದು, ಕಾಲು ಕುಟ್ಟುವುದು, ಮಾತುಮಾತಿಗೆ ‘ಅದೇನಂದ್ರೆ’ ಸೇರಿಸುವುದು ನಾಲ್ಕು ದಿನ ನಡೆದೀತು. ಆಮೇಲೆ ಅವೂ ಉಗ್ಗಿನ ಜೊತೆ ಅಂಟಿಕೊಳ್ಳುತ್ತವೆ.

ನಮಸ್ಕಾರ ಆದ ಕೂಡಲೇ ನೀವೇ ಹೇಳಿಬಿಡಿ: “ಸರ್, ನನಗೆ ಉಗ್ಗು ಇದೆ. ಅಲ್ಲಲ್ಲಿ ಮಾತು ನಿಲ್ತದೆ, ಉತ್ತರ ಪೂರ್ತಿ ಹೇಳ್ತೇನೆ.” ‘ಕ್ಷಮಿಸಿ’ ಸೇರಿಸಬೇಡಿ, ನೀವೇನೂ ತಪ್ಪು ಮಾಡಿಲ್ಲ. ಹೇಳದಿದ್ದರೆ ನೀವು ತಡೆದದ್ದನ್ನು ಅವರು ಉತ್ತರ ಗೊತ್ತಿಲ್ಲ ಎಂದುಕೊಳ್ಳಬಹುದು. ನಿಮ್ಮ ಅರ್ಧ ಗಮನವೂ ಮುಚ್ಚಿಡುವುದಕ್ಕೇ ಹೋಗುತ್ತದೆ. ಧೈರ್ಯ ಬರಲು ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ, “ಕು-ಕು-ಕುಮಟಾ ಬಸ್ಸು ಎಷ್ಟು ಹೊತ್ತಿಗೆ?” ಎಂದು ಬೇಕಂತಲೇ ಉಗ್ಗಿ ಕೇಳಿ, ಕಣ್ಣು ತಗ್ಗಿಸದೆ. ವಿಚಿತ್ರ ಅನ್ನಿಸೀತು, ಆದರೆ ವಾಕ್ ಚಿಕಿತ್ಸೆಯಲ್ಲಿ ಇದು ಹಳೆಯ ಕ್ರಮ. ಸಂದರ್ಶಕರು ನಿಮ್ಮ ಶಬ್ದವನ್ನು ತಾವೇ ಪೂರ್ತಿ ಮಾಡಿದರೆ ತಲೆಯಾಡಿಸಿ ಬಿಡಬೇಡಿ, ನಿಮ್ಮ ಉತ್ತರ ನೀವೇ ಮುಗಿಸಿ.

ಪ್ರಶ್ನೆ: ಉಗ್ಗು ಇದ್ದವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಉಂಟೇ?
– ಓದುಗರು, ಕಾರವಾರ

ಉತ್ತರ: ಅದನ್ನು ನಂಬಿ ಕೂರಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ವಾಕ್ ಮತ್ತು ಭಾಷಾ ವೈಕಲ್ಯ ಇದೆ, ಉಗ್ಗಿನ ಹೆಸರಿಲ್ಲ. 34ನೇ ಕಲಮಿನ ಶೇ. 4ರ ಹಂಚಿಕೆಯಲ್ಲಂತೂ ಬರೀ ಮಾತಿನ ತೊಂದರೆಗೆ ಜಾಗವೇ ಇಲ್ಲ. ಚಿಕಿತ್ಸೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ಆದರೆ ಸಂದರ್ಶನ ವಾರದೊಳಗಿದ್ದರೆ ಹೊಸ ತಂತ್ರ ಶುರು ಮಾಡಬೇಡಿ. ಅರ್ಧ ಕಲಿತದ್ದು ಕೋಣೆಯೊಳಗೆ ಕೈಕೊಡುತ್ತದೆ.